ಹಾಳೆಗೆ ಯಜಮಾನ ಯಾರು?

ಆ ಹಾಳೆಯ ಫೋಟೊ ನನ್ನ ಕೈಗೆ ಬಂದಾಗ ರಾತ್ರಿ ಎರಡೂವರೆ. ನಾನು ಬೆಂಗಳೂರಿನಲ್ಲಿ ರಾತ್ರಿ ಪಾಳಿಯಲ್ಲಿದ್ದೆ. ಹಾಳೆ ಹೊರಬಿದ್ದದ್ದು ಸಮುದ್ರದಾಚೆಯ ಒಂದು ಗೋದಾಮಿನಲ್ಲಿ. ಅಲ್ಲಿ ಹಳೆಯ ಲೈನ್ ಪ್ರಿಂಟರ್ ತೆಗೆದು ಹೊಸ ಲೇಸರ್ ಪ್ರಿಂಟರ್ ಇಟ್ಟಿದ್ದರು. ನೆಟ್‌ವರ್ಕ್ ಕೇಬಲ್ ಚುಚ್ಚಿ, ‘ಇನ್ನು ನಿಮ್ಮ ಕೆಲಸ’ ಎಂದು ನಮ್ಮ ಕಡೆ ಕೈ ತೋರಿಸಿದ್ದರು. ಮೇನ್‌ಫ್ರೇಮಿಗೆ ಪ್ರಿಂಟರಿನ ಐಪಿ ವಿಳಾಸ ಹೇಳಿದೆ. ಪಿಂಗ್ ಹೋಗಿ ಬಂತು, ಪೋರ್ಟ್ ತೆರೆದಿತ್ತು. ಧೈರ್ಯವಾಗಿ ದಾಸ್ತಾನು ಪಟ್ಟಿ ಕಳಿಸಿದೆ. ಫೋಟೊದಲ್ಲಿ ಕಂಡದ್ದು ಹಾಳೆಯ ತುಂಬ @ ಚಿಹ್ನೆ. ಸಾಲು ಸಾಲಾಗಿ @@@@@@, ನಡುನಡುವೆ ಟೋಪಿ ಇಟ್ಟ, ಕೊಂಬು ಮೂಡಿದ ಯುರೋಪಿನ ಅಕ್ಷರಗಳು.

ಓದಲು ಬರುವವರಿಗೆ ಆ ಹಾಳೆಯಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಮೇನ್‌ಫ್ರೇಮ್ ಬಳಸುವ ಎಬ್ಸಿಡಿಕ್ ಸಂಕೇತದಲ್ಲಿ ಖಾಲಿ ಜಾಗದ ಸಂಖ್ಯೆ 64. ಪ್ರಿಂಟರಿಗೆ ಗೊತ್ತಿದ್ದ ಆಸ್ಕಿಯಲ್ಲಿ 64 ಎಂದರೆ @. ಯಾವ ವರದಿಯಲ್ಲೂ ಅಕ್ಷರಕ್ಕಿಂತ ಖಾಲಿ ಜಾಗವೇ ಹೆಚ್ಚು. ಆ ಖಾಲಿ ಜಾಗವೆಲ್ಲ @ ಆಗಿ ಎದ್ದು ನಿಂತಿತ್ತು. ಸಂಕೇತ ಬದಲಾಯಿಸುವ ಕೋಷ್ಟಕ ಹಾಕಿ ಮತ್ತೆ ಕಳಿಸಿದೆ. ಈ ಸಲ ಅಕ್ಷರ ಸರಿಯಾಯಿತು, ಆದರೆ ಪುಟದ ನೆತ್ತಿಯಲ್ಲಿ ಇರಬೇಕಾದ ತಲೆಬರಹ ಹಾಳೆಯ ನಡುವೆ ಬಂದು ಕೂತಿತ್ತು, ಅದರ ಎಡಕ್ಕೆ ಒಂದು ಅನಾಥ ‘1’. ಮೊತ್ತದ ಸಾಲುಗಳ ಎಡಕ್ಕೆಲ್ಲ ‘0’. ಅದನ್ನೂ ತಿದ್ದಿದ ಮೇಲೆ ಬಲತುದಿಯ ಅಂಕಿಗಳು ಹಾಳೆಯಿಂದಾಚೆ ಬಿದ್ದುಹೋದವು. ಅದೂ ಸರಿಹೋಗಿ, ಅಬ್ಬ ಎಂದು ಉಸಿರು ಬಿಟ್ಟ ಮೂರನೆಯ ದಿನ ಗೋದಾಮಿನಿಂದ ಫೋನು: ಕಾಗದ ಸಿಕ್ಕಿಕೊಂಡು ಹದಿನಾಲ್ಕು ಪುಟ ಬಂದೇ ಇಲ್ಲ. ಹೋಸ್ಟ್ ಗಣಕದ, ಅಂದರೆ ಮೇನ್‌ಫ್ರೇಮಿನ, ದಾಖಲೆ ತೆಗೆದು ನೋಡಿದರೆ ಮುದ್ರಣ ಮುಗಿದಿದೆ, ಸ್ಪೂಲಿನಿಂದ ಕಡತ ಅಳಿಸಿಯೂ ಆಗಿದೆ.

ಮೊದಲ ಮೂರು ತೊಂದರೆಗಳಿಗೆ ಕೈಪಿಡಿಯಲ್ಲಿ ಉತ್ತರವಿದೆ. ನಾಲ್ಕನೆಯದು ಬೇರೆ ಜಾತಿಯದು. ‘ಮುದ್ರಣವಾಯಿತು’ ಎಂದು ಹೇಳುವ ಅಧಿಕಾರ ಯಾರದು? ಕಡತ ಕಳಿಸಿದ ಹೋಸ್ಟಿನದೋ, ಮಧ್ಯದಲ್ಲಿ ನಿಂತು ಸಾಗಿಸಿದ ತಂತ್ರಾಂಶದ್ದೋ, ಕಾಗದ ನುಂಗಿದ ಪ್ರಿಂಟರಿನದೋ? ನೆಟ್‌ವರ್ಕ್ ಪ್ರಿಂಟರನ್ನು ಮೇನ್‌ಫ್ರೇಮಿನೊಡನೆ ಮಾತಿಗೆ ಕೂರಿಸುವ ವಿದ್ಯೆಯಲ್ಲಿ ಮೂವತ್ತು ವರ್ಷಗಳಿಂದ ನಡೆದಿರುವ ಜಗಳಗಳೆಲ್ಲ ಕೆದಕಿದರೆ ಈ ಪ್ರಶ್ನೆಗೇ ಬಂದು ಮುಟ್ಟುತ್ತವೆ.

132 ಕಾಲಮಿನ ವಂಶಾವಳಿ

ಐಬಿಎಂ 1401 ಗಣಕ ಘೋಷಣೆಯಾದದ್ದು 1959ರ ಅಕ್ಟೋಬರಿನಲ್ಲಿ. ಅದರ ಜೊತೆ ಬಂದ 1403 ಪ್ರಿಂಟರ್ ಗಣಕಕ್ಕಿಂತ ಹೆಚ್ಚು ಕಾಲ ಬಾಳಿತು ಎಂದರೆ ಅತಿಶಯವಲ್ಲ. ಅಕ್ಷರದಚ್ಚುಗಳನ್ನು ಹೊತ್ತ ಸರಪಳಿಯೊಂದು ಹಾಳೆಯ ಎದುರು ಅಡ್ಡಡ್ಡ ಓಡುತ್ತಿತ್ತು. ಬೇಕಾದ ಅಕ್ಷರ ಬೇಕಾದ ಜಾಗಕ್ಕೆ ಬಂದ ಕ್ಷಣದಲ್ಲಿ ಹಿಂದಿನಿಂದ ಸುತ್ತಿಗೆ ಹೊಡೆಯುತ್ತಿತ್ತು. ಸಾಲಿಗೆ 132 ಸುತ್ತಿಗೆ, ನಿಮಿಷಕ್ಕೆ 600 ಸಾಲು. ಮುಂದೆ ಬಂದ ಮಾದರಿಯಲ್ಲಿ 1100. ಇಂದಿಗೂ ಮೇನ್‌ಫ್ರೇಮಿನ ವರದಿ 132 ಅಕ್ಷರ ಅಗಲ ಇರುವುದು ಆ ಸುತ್ತಿಗೆಗಳ ಲೆಕ್ಕದಿಂದ.

ನನ್ನ ಅನಾಥ ‘1’ ಕೂಡ ಇದೇ ಮನೆತನದ್ದು. ಆ ಪ್ರಿಂಟರಿನ ಪಕ್ಕದಲ್ಲಿ ಕಾಗದದ ಪಟ್ಟಿಯೊಂದನ್ನು ಬಳೆಯಂತೆ ಅಂಟಿಸಿ ಏರಿಸುತ್ತಿದ್ದರು. ಅದರಲ್ಲಿ 12 ದಾರಿಗಳು, ದಾರಿಗಳಲ್ಲಿ ತೂತುಗಳು. ಹಾಳೆ ಸರಿದಂತೆ ಈ ಬಳೆಯೂ ತಿರುಗುತ್ತಿತ್ತು. ಒಂದನೆಯ ದಾರಿಯ ತೂತು ಪುಟದ ನೆತ್ತಿಯನ್ನು ಸೂಚಿಸುತ್ತಿತ್ತು. ಪ್ರೋಗ್ರಾಂ ಬರೆಯುವವನು ಸಾಲಿನ ಮೊದಲ ಅಕ್ಷರವಾಗಿ ‘1’ ಇಟ್ಟರೆ ಒಂದನೆಯ ದಾರಿಯ ತೂತು ಸಿಗುವವರೆಗೆ ಕಾಗದ ಓಡಿಸು ಎಂದರ್ಥ. ಖಾಲಿ ಬಿಟ್ಟರೆ ಒಂದು ಸಾಲು ಇಳಿ, ‘0’ ಇಟ್ಟರೆ ಎರಡು, ‘-’ ಇಟ್ಟರೆ ಮೂರು. ‘+’ ಎಂದರೆ ಇಳಿಯಲೇ ಬೇಡ, ಅದೇ ಸಾಲಿನ ಮೇಲೆ ಇನ್ನೊಮ್ಮೆ ಹೊಡೆ. ದಪ್ಪಕ್ಷರ ಬೇಕಾದವರ ಉಪಾಯ ಅದು. ಹೀಗೆ ಸಾಲಿನ ಮೊದಲ ಅಕ್ಷರ ಓದುಗನಿಗಲ್ಲ, ಯಂತ್ರಕ್ಕೆ. ಕಡತದ ದಾಖಲೆಯ ಉದ್ದ 133 ಎಂದು ಬರೆಯುವುದು ಇದಕ್ಕೇ: 132 ಓದಲಿಕ್ಕೆ, ಒಂದು ಆಜ್ಞೆಗೆ. ಹಳೆಯ ಯಂತ್ರ ಆ ಒಂದನ್ನು ನುಂಗಿಕೊಳ್ಳುತ್ತಿತ್ತು. ಹೊಸ ಲೇಸರ್ ಪ್ರಿಂಟರಿಗೆ ಆ ವ್ಯವಹಾರವೇ ಗೊತ್ತಿಲ್ಲ. ಕೊಟ್ಟದ್ದನ್ನೆಲ್ಲ ಅಚ್ಚು ಹಾಕುತ್ತದೆ. ಮೊತ್ತದ ಎಡಕ್ಕೆ ‘0’ ಬಂದರೆ ನಕ್ಕು ಸುಮ್ಮನಾಗಬಹುದು. ಹೊಸ ಪುಟದ ಮೊದಲ ಸಾಲು ನೇರ ಅಂಕಿಯಿಂದಲೇ ಶುರುವಾಗುವ ವರದಿಯಲ್ಲಿ ‘1’ ಬಂದು ಅಂಟಿಕೊಂಡರೆ ನಗು ಬರುವುದಿಲ್ಲ.

1964ರ ಏಪ್ರಿಲ್‌ನಲ್ಲಿ ಸಿಸ್ಟಂ/360 ಬಂತು. ಪ್ರಿಂಟರನ್ನು ಗಣಕಕ್ಕೆ ಜೋಡಿಸುತ್ತಿದ್ದದ್ದು ಚಾನೆಲ್ ಎಂಬ ದಪ್ಪ ತಾಮ್ರದ ಕೇಬಲ್ಲು, ಒಟ್ಟು ಹರವು 400 ಅಡಿಗಿಂತ ಹೆಚ್ಚಿಲ್ಲ. ಅಂದರೆ ಪ್ರಿಂಟರ್ ಗಣಕದ ಮನೆಯೊಳಗೇ ಇರಬೇಕು. ಕಾಗದ ಹರಿದರೆ, ರಿಬ್ಬನ್ ಮುಗಿದರೆ ಚಾನೆಲ್ ಮೂಲಕ ಹೋಸ್ಟಿಗೆ ಆ ಗಳಿಗೆಯಲ್ಲೇ ಗೊತ್ತಾಗುತ್ತಿತ್ತು. ಯಜಮಾನ ಯಾರೆಂಬ ಪ್ರಶ್ನೆ ಹುಟ್ಟುವಂತೆಯೇ ಇರಲಿಲ್ಲ.

ಆದರೆ ಗಣಕದ ವೇಗಕ್ಕೆ ಸುತ್ತಿಗೆಗಳ ವೇಗ ಸಾಟಿಯಾಗದು. ಹ್ಯೂಸ್ಟನ್‌ನಲ್ಲಿ ನಾಸಾಗೆ ಕೆಲಸ ಮಾಡುತ್ತಿದ್ದ ಐಬಿಎಂ ಎಂಜಿನಿಯರುಗಳು 1960ರ ದಶಕದ ನಡುವಿನಲ್ಲಿ ಇದಕ್ಕೊಂದು ಉಪಾಯ ಕಟ್ಟಿದರು. ಮುದ್ರಿಸಬೇಕಾದ್ದನ್ನು ಮೊದಲು ಡಿಸ್ಕಿನಲ್ಲಿ ತುಂಬಿಡು, ಪ್ರಿಂಟರಿಗೆ ಬಿಡುವಾದಾಗ ಇಳಿಸು. ಸುಗ್ಗಿಯಲ್ಲಿ ಬಂದದ್ದನ್ನು ಕಣಜಕ್ಕೆ ತುಂಬಿ ಬೇಕಾದಾಗ ತೆಗೆದ ಹಾಗೆ. ಆ ಕಣಜಕ್ಕೆ ಸ್ಪೂಲ್ ಎಂದು ಹೆಸರು, ಆ ತಂತ್ರಾಂಶಕ್ಕೆ ಹ್ಯಾಸ್ಪ್. ಅದೇ ಬೆಳೆದು ಇಂದಿನ ಜೆಸ್2 ಆಗಿದೆ. ಈಗಲೂ ಜೆಸ್2 ಕೊಡುವ ಸಂದೇಶಗಳು ಹ್ಯಾಸ್ಪ್ ಎಂದೇ ಶುರುವಾಗುತ್ತವೆ, ಮನೆ ಮಾರಿದ ಮೇಲೂ ಬಾಗಿಲ ಮೇಲೆ ಉಳಿದ ಹಳೆ ಯಜಮಾನನ ಹೆಸರಿನ ಹಾಗೆ. ಕಣಜ ಬಂದದ್ದರಿಂದ ಒಂದು ಸೂಕ್ಷ್ಮ ಬದಲಾವಣೆಯೂ ಆಯಿತು. ಪ್ರೋಗ್ರಾಂ ಬರೆದದ್ದು ಒಂದು ಹೊತ್ತು, ಹಾಳೆ ಬಂದದ್ದು ಇನ್ನೊಂದು ಹೊತ್ತು. ಬರೆಯುವವನಿಗೂ ಹಾಳೆಗೂ ನಡುವಿನ ನೇರ ಸಂಬಂಧ ಕಡಿದದ್ದು ಹೀಗೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಐಬಿಎಂ 360/44 ಇತ್ತು. ಆ ಪೀಳಿಗೆಯ ಯಂತ್ರಗಳನ್ನು ನಾವು ಕಂಡವರಲ್ಲ, ಅವುಗಳ ಕಾಗದ ಕಂಡವರು. ಅಂಚಿನಲ್ಲಿ ತೂತು, ಮೈಮೇಲೆ ಹಸಿರು ಪಟ್ಟೆ. ಬ್ಯಾಂಕಿನಲ್ಲೋ ಕಾರ್ಖಾನೆಯಲ್ಲೋ ಕೆಲಸಕ್ಕಿದ್ದ ಅಪ್ಪಂದಿರು ತಂದುಕೊಟ್ಟ ಆ ‘ಕಂಪ್ಯೂಟರ್ ಪೇಪರಿ’ನ ಬೆನ್ನಿಗೆ ಲೆಕ್ಕ ಮಾಡಿಯೇ ಎಷ್ಟೋ ಮಂದಿ ಎಸ್‌ಎಸ್‌ಎಲ್‌ಸಿ ದಾಟಿದ್ದೇವೆ.

ಟರ್ಮಿನಲ್ಲಿನ ಮಗ್ಗುಲ ಪ್ರಿಂಟರ್

1971ರಲ್ಲಿ 3270 ಟರ್ಮಿನಲ್ಲು ಬಂದ ಮೇಲೆ ಗಣಕದ ಕೋಣೆಯಿಂದ ದೂರ ಕೂತವರೂ ಹೋಸ್ಟಿನ ಜೊತೆ ಮಾತಾಡತೊಡಗಿದರು. ಪರದೆ ಬಂದಲ್ಲಿ ಕಾಗದವೂ ಬೇಕು. ಟರ್ಮಿನಲ್ಲುಗಳನ್ನು ಜೋಡಿಸುತ್ತಿದ್ದ ನಿಯಂತ್ರಕಕ್ಕೇ ಕೋಆಕ್ಸಿಯಲ್ ತಂತಿಯಲ್ಲಿ ಜೋಡಿಸುವ 3287ರಂಥ ಸಣ್ಣ ಪ್ರಿಂಟರುಗಳು ಬ್ಯಾಂಕಿನ ಕೌಂಟರು, ಆಸ್ಪತ್ರೆಯ ದಾಖಲಾತಿ ಮೇಜುಗಳ ಮೇಲೆ ಕೂತವು.

1974ರಲ್ಲಿ ಐಬಿಎಂ ಎಸ್‌ಎನ್‌ಎ ಎಂಬ ಜಾಲ ವಿನ್ಯಾಸ ಪ್ರಕಟಿಸಿತು. ಅದರಲ್ಲಿ ಪ್ರತಿ ಟರ್ಮಿನಲ್ಲಿಗೂ ಪ್ರಿಂಟರಿಗೂ ಒಂದು ಹೆಸರು: ಲಾಜಿಕಲ್ ಯೂನಿಟ್, ಆಡುಮಾತಿನಲ್ಲಿ ಎಲ್‌ಯು. ಎಲ್‌ಯು2 ಎಂದರೆ ಪರದೆ. ಪ್ರಿಂಟರಿಗೆ ಎರಡು ಬಗೆ. ಎಲ್‌ಯು3 ಪ್ರಿಂಟರನ್ನೂ ಒಂದು ಪರದೆಯೆಂದೇ ಭಾವಿಸುತ್ತದೆ. ಒಂದು ಬಫರ್ ತುಂಬಿಸಿ, ಅದನ್ನು ಹಾಳೆಗೆ ಇಳಿಸು ಎನ್ನುತ್ತದೆ. ಎಲ್‌ಯು1 ಹಾಗಲ್ಲ, ನಡುನಡುವೆ ಸಾಲು ಬದಲಿಸು, ಪುಟ ತಿರುವು ಎಂಬ ಆಜ್ಞೆಗಳಿರುವ ಅಕ್ಷರಪ್ರವಾಹ ಕಳಿಸುತ್ತದೆ. ಇವೆರಡನ್ನು ಅದಲುಬದಲು ಮಾಡಿ ಕೂರಿಸುವುದು ಹೊಸಬರ ಖಾಯಂ ತಪ್ಪು. ಮೋಡ್ ಪಟ್ಟಿಯಲ್ಲಿ ಒಂದು ಹೆಸರು ತಪ್ಪಿದರೆ ಸಾಕು, ಸೆಷನ್ ಕಟ್ಟುವುದೇ ಇಲ್ಲ.

ಈ ಘಟ್ಟದಲ್ಲಿ ಗಮನಿಸಬೇಕಾದ್ದು ಒಂದು. ಎಲ್‌ಯು ಸೆಷನ್ನಿನಲ್ಲಿ ಹೋಸ್ಟು ‘ಬಂತೇ?’ ಎಂದು ಕೇಳಬಹುದಿತ್ತು, ಪ್ರಿಂಟರು ‘ಬಂತು’ ಎನ್ನಬೇಕಿತ್ತು. ದೂರವಾದರೂ ಮಾತು ಎರಡೂ ಕಡೆಯದು.

ಕಳಿಸಿ ಕೈತೊಳೆಯುವವರು

ಇತ್ತ ಐಪಿ ಜಾಲದ ಕಡೆ, ಬರ್ಕ್ಲಿಯ ಯುನಿಕ್ಸ್‌ನಲ್ಲಿ ಎಲ್‌ಪಿಆರ್, ಎಲ್‌ಪಿಡಿ ಎಂಬ ಜೋಡಿ ಇತ್ತು: ಒಂದು ಕಳಿಸುವುದು, ಇನ್ನೊಂದು ಸ್ವೀಕರಿಸುವುದು. ಅದರ ನಡಾವಳಿಯನ್ನು 1990ರ ಆಗಸ್ಟಿನಲ್ಲಿ ಆರ್‌ಎಫ್‌ಸಿ 1179 ಎಂಬ ಅಂತರ್ಜಾಲ ದಾಖಲೆಯಾಗಿ ಬರೆದಿಟ್ಟರು. ಹೊಸದಾಗಿ ರೂಪಿಸಿದ ಮಾನಕವಲ್ಲ ಅದು, ಆಗಲೇ ಚಾಲ್ತಿಯಲ್ಲಿದ್ದುದರ ವರ್ಣನೆ. ಟಿಸಿಪಿ ಪೋರ್ಟ್ 515ಕ್ಕೆ ಹೋಗಿ ಸರದಿಯ ಹೆಸರು ಹೇಳು, ನಿಯಂತ್ರಣ ಕಡತ ಕೊಡು, ದತ್ತಾಂಶ ಕೊಡು, ಪ್ರತಿ ಹೆಜ್ಜೆಗೂ ಸೊನ್ನೆ ಬೈಟ್ ಬಂದರೆ ಒಪ್ಪಿಗೆ. ಮೇನ್‌ಫ್ರೇಮಿನ ಟಿಸಿಪಿ/ಐಪಿ ತಂತ್ರಾಂಶದಲ್ಲೂ ಇದು ಸೇರಿತು. ಒಂದು ಸೋಜಿಗ: ನಿಯಂತ್ರಣ ಕಡತದಲ್ಲಿ ‘ಈ ಕಡತದ ಮೊದಲ ಕಾಲಮು ಫೋರ್ಟ್ರಾನ್ ಆಜ್ಞೆ’ ಎಂದು ಹೇಳಲು ಒಂದು ಗುರುತೂ ಉಂಟು. ಸುತ್ತಿಗೆಯ ಕಾಲದ ‘1’ ಯುನಿಕ್ಸ್ ಮನೆಯಲ್ಲೂ ಒಂದು ಮೂಲೆ ಹಿಡಿದಿದೆ. ಇವತ್ತಿನ ಕಚೇರಿ ಪ್ರಿಂಟರಿನಲ್ಲಿ ಆ ಗುರುತಿಗೆ ಬೆಲೆ ಸಿಗುತ್ತದೆಂದು ನಂಬಿ ಕೂರಬೇಡಿ, ಪುಟ ತಿರುವುವ ಕೆಲಸ ಹೋಸ್ಟಿನಲ್ಲೇ ಮುಗಿಸುವುದು ಕ್ಷೇಮ.

ಎಲ್‌ಪಿಆರ್‌ಗೆ ಎರಡು ಕಿರಿಕಿರಿಗಳಿವೆ. ಕಡತದ ಗಾತ್ರ ಎಷ್ಟು ಬೈಟು ಎಂದು ಸಾಮಾನ್ಯವಾಗಿ ಮೊದಲೇ ಹೇಳಬೇಕು. ವರದಿ ಇನ್ನೂ ತಯಾರಾಗುತ್ತಿದ್ದರೆ ಹೇಳುವುದೆಲ್ಲಿಂದ? ಪೂರ್ತಿ ತಯಾರಾಗುವವರೆಗೆ ಕಾಯಬೇಕು. ಇನ್ನೊಂದು, ಕಳಿಸುವವನು 721ರಿಂದ 731ರವರೆಗಿನ ಪೋರ್ಟುಗಳಿಂದಲೇ ಹೊರಡಬೇಕು ಎಂಬ ಕಟ್ಟಳೆ. ಹನ್ನೊಂದೇ ಬಾಗಿಲು. ಒಂದು ಬಾಗಿಲಿಂದ ಹೋದ ಮೇಲೆ ಟಿಸಿಪಿ ಅದನ್ನು ಕೆಲವು ನಿಮಿಷ ಮುಚ್ಚಿಡುತ್ತದೆ. ಚಿಕ್ಕ ಚಿಕ್ಕ ಚೀಟಿಗಳನ್ನು ಸಾಲಾಗಿ ಕಳಿಸುವ ಕಚೇರಿಯಲ್ಲಿ ಹನ್ನೆರಡನೆಯ ಚೀಟಿ ಬಾಗಿಲು ಕಾಯುತ್ತ ನಿಲ್ಲುತ್ತದೆ, ಮತ್ತು ಇದು ಏಕೆಂದು ಯಾವ ದೋಷಸಂದೇಶವೂ ಹೇಳುವುದಿಲ್ಲ. ಮುಂದೆ ಬಂದ ತಂತ್ರಾಂಶಗಳು ಈ ಕಟ್ಟಳೆ ಸಡಿಲಿಸಿದವು.

ಸರದಿಯ ಹೆಸರಿನದೂ ಒಂದು ಕಥೆ. ಎಚ್‌ಪಿಯ ಜೆಟ್‌ಡೈರೆಕ್ಟ್ ಕಾರ್ಡಿನಲ್ಲಿ ‘ರಾ’ ಎಂಬ ಸರದಿಗೆ ಕಳಿಸಿದರೆ ಬಂದದ್ದು ಬಂದಂತೆ ಮುದ್ರಣ. ‘ಟೆಕ್ಸ್ಟ್’ ಎಂಬ ಸರದಿಗೆ ಕಳಿಸಿದರೆ ಪ್ರತಿ ಸಾಲಿನ ಕೊನೆಗೆ ಗಾಡಿಯನ್ನು ಎಡಕ್ಕೆ ತರುವ ಸಂಕೇತ ಸೇರಿಸಿ ಮುದ್ರಣ. ಅದು ಸೇರದಿದ್ದರೆ ಒಂದು ಸಾಲು ಮುಗಿದಲ್ಲಿಂದಲೇ ಕೆಳಗಿನ ಸಾಲು ಶುರುವಾಗಿ, ವರದಿ ಬಲಕ್ಕೆ ಮೆಟ್ಟಿಲಿಳಿಯುತ್ತ ಹಾಳೆಯ ಅಂಚಿನಲ್ಲಿ ಮಾಯವಾಗುತ್ತದೆ. ಈ ಮೆಟ್ಟಿಲ ಹಾಳೆ ನೋಡದೆ ಈ ಕಸುಬಿನಲ್ಲಿ ಪಳಗಿದವರಿಲ್ಲ.

ಜೆಟ್‌ಡೈರೆಕ್ಟ್ ಬಂದದ್ದು 1991ರಲ್ಲಿ. ಅದು ಇನ್ನೂ ಸರಳ ದಾರಿಯೊಂದನ್ನು ರೂಢಿಗೆ ತಂದಿತು: ಪೋರ್ಟ್ 9100 ತೆರೆ, ಬೈಟುಗಳನ್ನು ಸುರಿ, ಮುಚ್ಚು. ಸರದಿ ಇಲ್ಲ, ಹೆಸರಿಲ್ಲ, ಸೊನ್ನೆ ಬೈಟೂ ಇಲ್ಲ. ಬಹುತೇಕ ಎಲ್ಲ ತಯಾರಕರೂ ಇದನ್ನು ಅನುಸರಿಸಿದರು. ಕಳಿಸಿ ಕೈತೊಳೆಯುವ ಈ ಮೊದಲ ಪಂಥದವರ ವಾದವನ್ನು ತಳ್ಳಿಹಾಕುವಂತಿಲ್ಲ. ಅಗ್ಗ, ಯಾವ ಪ್ರಿಂಟರಿನಲ್ಲೂ ಇದೆ, ಹಾಳಾದರೆ ಕಂಡುಹಿಡಿಯಲು ಹತ್ತು ನಿಮಿಷ. ದಿನದ ಕೆಲಸಪಟ್ಟಿಯ ಎರಡು ಹಾಳೆ ಹೋದರೆ ಮತ್ತೆ ತೆಗೆದರಾಯಿತು. ಆದರೆ ಟಿಸಿಪಿ ಖಾತ್ರಿ ಕೊಡುವುದು ಬೈಟುಗಳು ಪ್ರಿಂಟರಿನ ನೆನಪಿಗೆ ತಲುಪಿದವು ಎಂಬಷ್ಟಕ್ಕೆ. ಹೋಸ್ಟು ಅದನ್ನೇ ‘ಮುದ್ರಣವಾಯಿತು’ ಎಂದು ಬರೆದುಕೊಂಡು ಕಣಜ ಖಾಲಿ ಮಾಡುತ್ತದೆ. ನನ್ನ ಹದಿನಾಲ್ಕು ಪುಟ ಹೋದದ್ದು ಈ ಸಂದಿನಲ್ಲಿ.

ಜೊತೆಗೆ, 9100 ಯಾರ ಗುರುತನ್ನೂ ಕೇಳುವುದಿಲ್ಲ. 2017ರಲ್ಲಿ ಒಬ್ಬಾತ ಅಂತರ್ಜಾಲಕ್ಕೆ ತೆರೆದುಕೊಂಡಿದ್ದ ಪ್ರಿಂಟರುಗಳನ್ನು ಹುಡುಕಿ ಭಾರಿ ಸಂಖ್ಯೆಯಲ್ಲಿ ತನ್ನ ಸಂದೇಶ ಅಚ್ಚು ಹಾಕಿಸಿದ್ದು ಸುದ್ದಿಯಾಯಿತು. ಸಂಬಳದ ಚೀಟಿ ಈ ದಾರಿಯಲ್ಲಿ ಸಾಗುವಾಗ ನಡುವೆ ಕಿವಿಗೊಟ್ಟವರಿಗೆಲ್ಲ ಓದಲು ಸಿಗುತ್ತದೆ.

ನಡುವಣ ದುಭಾಷಿಗಳು

ಎರಡನೆಯ ಪಂಥದವರು ಹೇಳುವುದು ಹೀಗೆ: ಹೋಸ್ಟಿನ ಪ್ರೋಗ್ರಾಂ ಮೂವತ್ತು ವರ್ಷದಿಂದ ಎಲ್‌ಯುಗೆ ಬರೆಯುತ್ತಿದೆ, ಅದನ್ನು ಮುಟ್ಟಬೇಡಿ. ಪ್ರಿಂಟರಿಗೆ ಐಪಿ ಬಿಟ್ಟರೆ ಬೇರೇನೂ ತಿಳಿಯದು, ಅದನ್ನೂ ಬೈಯಬೇಡಿ. ನಡುವೆ ಎರಡೂ ಭಾಷೆ ಬಲ್ಲವನೊಬ್ಬನನ್ನು ಕೂರಿಸಿ.

ಪರದೆಗಳ ಮಟ್ಟಿಗೆ ಈ ಕೆಲಸವನ್ನು ಟಿಎನ್3270 ಮಾಡುತ್ತಿತ್ತು. ಟೆಲ್ನೆಟ್ ಮೇಲೆ 3270ರ ಮಾತು ಸಾಗಿಸುವುದು ಅದರ ಕೆಲಸ. ಆದರೆ ಅದರಲ್ಲಿ ಪ್ರಿಂಟರಿಗೆ ಜಾಗವಿರಲಿಲ್ಲ, ಇಂಥದ್ದೇ ಎಲ್‌ಯು ಹೆಸರು ಬೇಕೆಂದು ಕೇಳುವ ದಾರಿಯೂ ಇರಲಿಲ್ಲ. 1994ರ ಜುಲೈ ತಿಂಗಳಲ್ಲಿ ಇದಕ್ಕೆ ಎರಡು ಮದ್ದು ಒಟ್ಟಿಗೇ ಹೊರಬಂದವು, ಆರ್‌ಎಫ್‌ಸಿ 1646 ಮತ್ತು 1647, ಅಕ್ಕಪಕ್ಕದ ಸಂಖ್ಯೆಗಳು. ಮೊದಲನೆಯದು ಇದ್ದುದಕ್ಕೆ ತೇಪೆ; ಎರಡನೆಯದು ಟಿಎನ್3270ಇ ಎಂಬ ಹೊಸ ಒಪ್ಪಂದ. ಗೆದ್ದದ್ದು ಎರಡನೆಯದು, 1998ರಲ್ಲಿ ಆರ್‌ಎಫ್‌ಸಿ 2355 ಆಗಿ ಅದು ಪರಿಷ್ಕಾರಗೊಂಡಿತು. 1647, 2355 ಎರಡನ್ನೂ ಬರೆದದ್ದು ಅಮೆರಿಕದ ಆಬರ್ನ್ ವಿಶ್ವವಿದ್ಯಾಲಯದ ಬಿ. ಕೆಲಿ. ಇದರಲ್ಲಿ ಪ್ರಿಂಟರ್ ಸೆಷನ್ ಶುರುವಾಗುವಾಗ ಈ ಕಡೆಯ ತಂತ್ರಾಂಶ ತಾನು ಐಬಿಎಂ 3287 ಎಂದು ಪರಿಚಯ ಹೇಳಿಕೊಳ್ಳಬೇಕು. ಆ ಯಂತ್ರ ಗುಜರಿಗೆ ಹೋಗಿ ಎಷ್ಟೋ ಕಾಲವಾಗಿದೆ, ಹೆಸರು ಮಾತ್ರ ದಿನವೂ ತಂತಿಯ ಮೇಲೆ ಓಡಾಡುತ್ತಿದೆ. ‘ನನ್ನ ಪರದೆಗೆ ಜೊತೆಯಾದ ಪ್ರಿಂಟರ್ ಕೊಡು’ ಎಂದು ಕೇಳುವ ಸೌಲಭ್ಯವೂ ಇದೆ. ನೂರಾರು ಮೇಜುಗಳಿರುವ ಕಚೇರಿಗೆ ಇದು ದೊಡ್ಡ ಅನುಕೂಲ.

ಇಲ್ಲಿಯೂ ಹೋಸ್ಟು ಉತ್ತರ ಕೇಳಬಹುದು, ಈ ಕಡೆಯವರು ಕೊಡಬೇಕು. ಆದರೆ ಉತ್ತರ ಕೊಡುವುದು ಪ್ರಿಂಟರಲ್ಲ, ಪಿಸಿಯಲ್ಲಿ ಕೂತ ಎಮ್ಯುಲೇಟರ್. ಅದು ಸಾಮಾನ್ಯವಾಗಿ ವಿಂಡೋಸ್ ಸ್ಪೂಲಿಗೆ ಕೊಟ್ಟ ಕೂಡಲೇ ‘ಆಯಿತು’ ಎಂದುಬಿಡುತ್ತದೆ. ವಿಂಡೋಸು 9100ಕ್ಕೆ ಸುರಿಯುತ್ತದೆ. ಮದುವೆ ಮಾತುಕತೆಗೆ ಕಳಿಸಿದ ದಲ್ಲಾಳಿ ಹುಡುಗಿಯ ಮನೆಗೆ ಹೋಗುವ ಮುಂಚೆಯೇ ‘ಒಪ್ಪಿದರು’ ಎಂದು ಬಂದು ಹೇಳಿದಂತೆ. ದುಭಾಷಿಯಲ್ಲಿ ತಪ್ಪಿಲ್ಲ, ಅವನಿಗೂ ಆಚೆಯ ಸುದ್ದಿ ಗೊತ್ತಿಲ್ಲ.

ದುಭಾಷಿಯನ್ನು ಪಿಸಿಯಲ್ಲಿ ಕೂರಿಸುವ ಬದಲು ಹೋಸ್ಟಿನೊಳಗೇ ಕೂರಿಸುವ ಕವಲೂ ಇದೆ. ಐಬಿಎಂನ ಇನ್ಫೋಪ್ರಿಂಟ್ ಸರ್ವರ್‌ನಲ್ಲಿ ನೆಟ್‌ಸ್ಪೂಲ್ ಎಂಬ ಭಾಗ ಎಲ್‌ಯು ಪ್ರಿಂಟರಿನ ವೇಷ ಹಾಕಿ ಕೂರುತ್ತದೆ. ಹಳೆಯ ಪ್ರೋಗ್ರಾಂ ಅದನ್ನೇ ನಿಜವಾದ ಪ್ರಿಂಟರೆಂದು ನಂಬಿ ಬರೆಯುತ್ತದೆ. ನೆಟ್‌ಸ್ಪೂಲ್ ಅದನ್ನು ಜೆಸ್ ಕಣಜಕ್ಕೆ ತುಂಬುತ್ತದೆ, ಅಲ್ಲಿಂದ ಐಪಿ ಪ್ರಿಂಟ್‌ವೇ ಎಂಬ ಇನ್ನೊಂದು ಭಾಗ ಎಲ್‌ಪಿಆರ್, ನೇರ ಪೋರ್ಟ್, ಐಪಿಪಿ (ಇದರ ಮಾತು ಮುಂದೆ), ಬೇಕಿದ್ದರೆ ಇಮೇಲ್ ಆಗಿಯೂ ಹೊರಗೆ ಕಳಿಸುತ್ತದೆ. ನನ್ನ ಅಭಿಪ್ರಾಯದಲ್ಲಿ ದುಭಾಷಿಗಳ ಪೈಕಿ ಅಚ್ಚುಕಟ್ಟಾದವನು ಇವನೇ: ಹಳೆಯ ಕೋಬಾಲ್ ಪ್ರೋಗ್ರಾಂ ಮುಟ್ಟಬೇಕಾಗಿಲ್ಲ, ಎಲ್ಲ ಪ್ರಿಂಟರುಗಳ ವಿವರ ಒಂದೇ ಕಡೆ, ಮತ್ತು ಕಡತ ಸ್ವಲ್ಪ ಹೊತ್ತು ಕಣಜದಲ್ಲೇ ಉಳಿಸಿಕೊಳ್ಳಬಹುದು. ಹಣ ಮಾತ್ರ ಬೇಕು.

ಯಜಮಾನಿಕೆ ಬಿಡದವರು

ಮೂರನೆಯ ಪಂಥ ಚೆಕ್ಕು, ವಿಮೆ ಪತ್ರ, ಬ್ಯಾಂಕಿನ ಹೇಳಿಕೆ ಮುದ್ರಿಸುವವರದು. 1975ರಲ್ಲಿ ಐಬಿಎಂ 3800 ಎಂಬ ಲೇಸರ್ ಪ್ರಿಂಟರ್ ಘೋಷಿಸಿತು. ಸುತ್ತಿಗೆ ಹೋಗಿ ಬೆಳಕು ಬಂತು. ಬೆಳಕಿನಲ್ಲಿ ಬರೆಯುವ ಯಂತ್ರಕ್ಕೆ ಸಾಲುಗಳ ಹಂಗಿಲ್ಲ. ಗೆರೆ, ಚಿತ್ರ, ಬೇರೆ ಬೇರೆ ಅಕ್ಷರರೂಪ ಎಲ್ಲವೂ ಸಾಧ್ಯ. ಹಾಗಾಗಿ 1980ರ ದಶಕದಲ್ಲಿ ಪುಟವನ್ನೇ ಮೂಲಮಾನವಾಗಿ ಹಿಡಿದ ಎಎಫ್‌ಪಿ ವ್ಯವಸ್ಥೆ ಬೆಳೆಯಿತು. ಅದರ ಪ್ರಿಂಟರ್ ಭಾಷೆ ಐಪಿಡಿಎಸ್.

ಐಪಿಡಿಎಸ್ ಪ್ರಿಂಟರಿಗೂ ಐಪಿ ವಿಳಾಸವಿದೆ. ಪೋರ್ಟ್ ಸಾಮಾನ್ಯವಾಗಿ 5001. ಹೊರನೋಟಕ್ಕೆ 9100ಕ್ಕಿಂತ ಬೇರೆಯೇನಲ್ಲ. ಒಳಗೆ ನಡೆಯುವ ಮಾತು ಮಾತ್ರ ಪೂರಾ ಬೇರೆ. ಹೋಸ್ಟಿನಲ್ಲಿ ಪಿಎಸ್‌ಎಫ್ ಎಂಬ ತಂತ್ರಾಂಶ ಪುಟ ಪುಟವಾಗಿ ಆಜ್ಞೆ ಕೊಡುತ್ತದೆ. ಪ್ರಿಂಟರ್ ತನ್ನ ಉತ್ತರದಲ್ಲಿ ಲೆಕ್ಕಗಳನ್ನು ಕಳಿಸುತ್ತದೆ: ಇಷ್ಟು ಪುಟ ಬಂದವು, ಇಷ್ಟು ಪುಟ ಮುದ್ರಿಸಲು ಒಪ್ಪಿಕೊಂಡೆ, ಇಷ್ಟು ಪುಟ ತಟ್ಟೆಯಲ್ಲಿ ಬಂದು ಕೂತವು. ಕಾಗದ ಸಿಕ್ಕಿಕೊಂಡರೆ ಯಾವ ಪುಟದಿಂದ ಮತ್ತೆ ಬೇಕು ಎಂಬ ಲೆಕ್ಕಕ್ಕೂ ಬೇರೆ ಎಣಿಕೆ ಇದೆ. 412ನೆಯ ಚೆಕ್ಕು ಹರಿದುಹೋದರೆ 412ನೆಯದೇ ಮತ್ತೆ ಬರುತ್ತದೆ, 411 ಎರಡು ಸಲ ಬರುವುದಿಲ್ಲ. ಕೊನೆಯ ಹಾಳೆ ತಟ್ಟೆಯಲ್ಲಿ ಕೂತ ಸುದ್ದಿ ಬರುವವರೆಗೆ ಕಣಜ ಖಾಲಿಯಾಗುವುದಿಲ್ಲ.

ಚಾನೆಲ್ ಕೇಬಲ್ ಕಾಲದ ಯಜಮಾನಿಕೆಯನ್ನು ಐಪಿ ಜಾಲದ ಮೇಲೆ ಮತ್ತೆ ಕಟ್ಟಿದ ಸಾಧನೆ ಇದು. ಬೆಲೆಯೂ ಅದಕ್ಕೆ ತಕ್ಕಂತೆ. ಕಚೇರಿ ಪ್ರಿಂಟರಿಗೆ ಐಪಿಡಿಎಸ್ ಬೇಕೆಂದರೆ ಹೆಚ್ಚುವರಿ ಕಾರ್ಡೋ ಪರವಾನಗಿಯೋ ಬೇಕು, ಹೋಸ್ಟಿನಲ್ಲಿ ಪಿಎಸ್‌ಎಫ್ ಬೇಕು, ಪುಟ ವಿನ್ಯಾಸದ ವಿವರಣೆಗಳನ್ನು ಬರೆಯಬಲ್ಲವರು ಬೇಕು. ಆ ಕೊನೆಯವರು ನಿವೃತ್ತರಾಗುತ್ತಿದ್ದಾರೆ. ವಿಮರ್ಶಕರು ಕೇಳುವುದು ಇದನ್ನೇ: ಎರಡು ಹಾಳೆಯ ಕೆಲಸಪಟ್ಟಿಗೆ ಇಷ್ಟೆಲ್ಲ ಮೇಳ ಬೇಕೆ? ಬೇಡ. ಆದರೆ ಚೆಕ್ಕಿಗೆ 9100 ಸಾಕು ಎನ್ನುವವರ ಜೊತೆ ನಾನು ವಾದಕ್ಕೂ ಇಳಿಯುವುದಿಲ್ಲ.

ಎಲ್ಲರಿಗೂ ಒಂದೇ ಮಾತು ಎಂದವರು

ಐಪಿಪಿ ಎಂಬ ಮುದ್ರಣ ಒಪ್ಪಂದ 1990ರ ದಶಕದ ಕೊನೆಯಲ್ಲಿ ರೂಪುಗೊಂಡಿತು. ಎಚ್‌ಟಿಟಿಪಿ ಮೇಲೆ ನಡೆಯುತ್ತದೆ, ಪೋರ್ಟ್ 631, ಬೇಕಿದ್ದರೆ ಗೂಢಲಿಪಿಯ ರಕ್ಷಣೆ. 1999ರಲ್ಲಿ ಬಂದ ಕಪ್ಸ್ ಎಂಬ ಮುದ್ರಣ ತಂತ್ರಾಂಶ ಇದನ್ನೇ ನೆಚ್ಚಿಕೊಂಡು ಯುನಿಕ್ಸ್, ಲಿನಕ್ಸ್, ಮ್ಯಾಕ್‌ಗಳ ಮುದ್ರಣವನ್ನು ಬದಲಿಸಿತು. ಪ್ರಿಂಟರನ್ನು ‘ನಿನಗೇನು ಬರುತ್ತದೆ?’ ಎಂದು ಕೇಳಬಹುದು, ಕೆಲಸ ಎಲ್ಲಿಗೆ ಬಂತೆಂದು ವಿಚಾರಿಸಬಹುದು, ಎಷ್ಟು ಪುಟ ಆಯಿತು ಎಂದೂ ಕೇಳಬಹುದು. ಐಪಿಡಿಎಸ್‌ನ ಅರ್ಧ ಗುಣ, ಕಾಲು ಬೆಲೆಗೆ ಎನ್ನಬಹುದೇನೋ.

ಆದರೆ ಅದರ ನಿಯಮಾವಳಿಯೊಳಗೇ ಒಂದು ತಮಾಷೆ ಕೂತಿದೆ. ಮುಂದಿನ ಯಂತ್ರ ಸ್ಥಿತಿ ಹೇಳಲಾರದ್ದಾದರೆ ಕೆಲಸವನ್ನು ‘ಮುಗಿಯಿತು’ ಎಂದು ಗುರುತಿಸಿ, ಕಾರಣದ ಜಾಗದಲ್ಲಿ ‘ಯಂತ್ರದ ಸರದಿಯಲ್ಲಿದೆ’ ಎಂದು ಬರೆಯಬೇಕು. ಇದಕ್ಕಿಂತ ಹೆಚ್ಚಿನ ಸುದ್ದಿ ತನಗೆ ಎಂದೂ ಸಿಗದು ಎಂದು ಒಪ್ಪಿಕೊಂಡ ಹಾಗೆ. ಮುಗಿಯಿತು, ಆದರೆ ಮುಗಿಯಿತೋ ಇಲ್ಲವೋ ತಿಳಿಯದು. ಈ ಪ್ರಾಮಾಣಿಕತೆಗೆ ನನ್ನ ನಮಸ್ಕಾರ. ಹೋಸ್ಟಿನ ಪ್ರೋಗ್ರಾಂ ಮಾತ್ರ ಆ ಎರಡನೆಯ ಜಾಗವನ್ನು ಓದುವ ಗೋಜಿಗೆ ಹೋಗುವುದಿಲ್ಲ.

ಅನುವಾದ ಎಲ್ಲಿ ನಡೆಯಬೇಕು?

ಯಜಮಾನಿಕೆಯ ಜಗಳದ ಪಕ್ಕದಲ್ಲೇ ಇನ್ನೊಂದು ನಡೆದಿದೆ. ಎಬ್ಸಿಡಿಕ್ ಎಂದರೆ ಒಂದೇ ಅಲ್ಲ, ದೇಶಕ್ಕೊಂದು ಕೋಷ್ಟಕ. ಅಮೆರಿಕದ್ದು 037, ಜರ್ಮನಿಯದು 273, ಅಂತಾರಾಷ್ಟ್ರೀಯ 500, ಯುನಿಕ್ಸ್ ಸೇವೆಗಳಿಗೆ 1047. ಇಂಗ್ಲಿಷ್ ಅಕ್ಷರ, ಅಂಕಿಗಳು ಎಲ್ಲದರಲ್ಲೂ ಒಂದೇ. ಚೌಕ ಆವರಣ, ಉದ್ಗಾರ ಚಿಹ್ನೆಯಂಥವು ಜಾಗ ಬದಲಿಸುತ್ತವೆ. ಹಾಗಾಗಿ ತಪ್ಪು ಕೋಷ್ಟಕ ಹಾಕಿದರೂ ವರದಿಯ ನೂರಕ್ಕೆ ತೊಂಬತ್ತೈದು ಪಾಲು ಸರಿಯಾಗಿಯೇ ಬರುತ್ತದೆ. ಉಳಿದದ್ದು ಯಾರೋ ಗ್ರಾಹಕ ತನ್ನ ಹೆಸರು ಕೆಟ್ಟಿದೆ ಎಂದು ಪತ್ರ ಬರೆದಾಗ ಗೊತ್ತಾಗುತ್ತದೆ. ಅನುವಾದ ಹೋಸ್ಟಿನಲ್ಲೇ ಆಗಲಿ ಎಂಬುವವರಿಗೆ ಮೂಲ ಕೋಷ್ಟಕ ಯಾವುದೆಂದು ಅಲ್ಲಿ ಗೊತ್ತಿರುತ್ತದೆ ಎಂಬ ಬಲ. ಪ್ರಿಂಟರಿನಲ್ಲಾಗಲಿ ಎಂಬುವವರಿಗೆ ಹೋಸ್ಟಿನ ಹೊರೆ ಇಳಿಯುತ್ತದೆ ಎಂಬ ಬಲ. ಎರಡೂ ಕಡೆ ಆಗುವುದೇ ನಿಜವಾದ ಅಪಾಯ: ಅನುವಾದಗೊಂಡದ್ದನ್ನು ಮತ್ತೆ ಅನುವಾದಿಸಿದರೆ @ ಹಾಳೆಗಿಂತ ಕೆಟ್ಟದ್ದು ಬರುತ್ತದೆ.

ಕಾಗದದ ಅಳತೆಯೂ ಒಂದು ಅನುವಾದವೇ. ನನ್ನ ಬಲತುದಿಯ ಅಂಕಿಗಳು ಹೋದದ್ದು ಇಲ್ಲಿ. ಅಂಗುಲಕ್ಕೆ 16.67 ಅಕ್ಷರದ ಸಣ್ಣ ಅಚ್ಚಿನಲ್ಲಿ 132 ಅಕ್ಷರಕ್ಕೆ 7.9 ಅಂಗುಲ ಬೇಕು. ಅಮೆರಿಕದ ಲೆಟರ್ ಹಾಳೆ 8.5 ಅಂಗುಲ, ಎರಡೂ ಕಡೆ ಕಾಲಂಗುಲ ಅಂಚು ಬಿಟ್ಟರೂ ಹಿಡಿಸುತ್ತದೆ. ನಮ್ಮ ಮತ್ತು ಯುರೋಪಿನ ಎ4 ಹಾಳೆ 8.27 ಅಂಗುಲ, ಅದೇ ಅಂಚು ಕಳೆದರೆ 7.77. ಎರಡು ಮೂರು ಅಕ್ಷರ ಹೊರಗೆ. ಅಡ್ಡ ತಿರುಗಿಸಿದರೆ ಅಗಲ ಸಾಕಾಗುತ್ತದೆ, ಎತ್ತರ ಸಾಲದು: ಪುಟಕ್ಕೆ 66 ಸಾಲು, ಅಂಗುಲಕ್ಕೆ 8 ಸಾಲು ಹಾಕಿದರೂ 8.25 ಅಂಗುಲ, ಅಂಚಿಗೆ ಜಾಗವೇ ಇಲ್ಲ. ಸಾಲುಗಳನ್ನು ಇನ್ನೂ ಒತ್ತಬೇಕು. ಕೈಪಿಡಿಯ ಉದಾಹರಣೆಗಳು ಅಮೆರಿಕದ ಹಾಳೆಗೆ ಬರೆದವು ಎಂಬುದು ಒತ್ತಿದ ಮೇಲೆ ಹೊಳೆಯುತ್ತದೆ.

ಇನ್ನು ನಮ್ಮ ಲಿಪಿಯ ಮಾತು. 132 ಕಾಲಮು ಎಂಬ ಕಲ್ಪನೆಯೇ ಒಂದು ಅಕ್ಷರಕ್ಕೆ ಒಂದು ಬೈಟು, ಒಂದು ಬೈಟಿಗೆ ಒಂದು ಸುತ್ತಿಗೆ ಎಂಬ ನಂಬಿಕೆಯ ಮೇಲೆ ನಿಂತಿದೆ. ‘ಕರ್ನಾಟಕ’ ಎಂದು ಬರೆದು ನೋಡಿ. ಕಣ್ಣಿಗೆ ನಾಲ್ಕು ಅಕ್ಷರ. ಯೂನಿಕೋಡಿನಲ್ಲಿ ಏಳು ಸಂಕೇತ. ಯುಟಿಎಫ್-8ರಲ್ಲಿ 21 ಬೈಟು. ಅರ್ಕಾವೊತ್ತು ನೆನಪಿನಲ್ಲಿ ಮೊದಲು ಇದ್ದು ಹಾಳೆಯ ಮೇಲೆ ಕೊನೆಗೆ ಬರುತ್ತದೆ. ಕಾಲಮು ಎಣಿಸುವ ವರದಿಗೆ ಈ ಮೂರರಲ್ಲಿ ಯಾವ ಲೆಕ್ಕ ಕೊಡಬೇಕು? ಎಎಫ್‌ಪಿಯಲ್ಲಿ ಯೂನಿಕೋಡಿನ ಸಂಕೀರ್ಣ ಲಿಪಿಗಳಿಗೆ ಬೇರೆ ಆಜ್ಞೆ ಇದೆ, ಆದರೆ ಅದು ಪ್ರಿಂಟರಿಗೂ ತಿಳಿದಿರಬೇಕು, ಫಾಂಟೂ ಇರಬೇಕು. ಸುಲಭದ ದಾರಿಯೆಂದು ಪುಟವನ್ನೇ ಚಿತ್ರವಾಗಿಸಿ ಕಳಿಸುವವರಿದ್ದಾರೆ. ಆಗ ಮೇನ್‌ಫ್ರೇಮಿಗೆ ಕನ್ನಡ ಬರುವುದಿಲ್ಲ, ಕನ್ನಡದ ಫೋಟೊ ಬರುತ್ತದೆ.

ಇನ್ನೂ ಬಗೆಹರಿಯದ್ದು

ಬೆಂಗಳೂರಿನಲ್ಲಿ ಕೂತು ಪರದೇಶದ ಬ್ಯಾಂಕು, ಗೋದಾಮುಗಳ ಮೇನ್‌ಫ್ರೇಮುಗಳನ್ನು ನೋಡಿಕೊಳ್ಳುವ ಸಾವಿರಾರು ಜನರಿದ್ದಾರೆ. ಪ್ರಿಂಟರಿನ ಮುಂದೆ ಅವರಾರೂ ಇರುವುದಿಲ್ಲ. ಅವರಿಗೆ ಪುಟ ತಲುಪಿತೆಂದು ತಿಳಿಯುವುದು ಯಂತ್ರದ ಮಾತಿನಿಂದ ಮಾತ್ರ, ಮತ್ತು ಆ ಮಾತಿನ ತೂಕ ದಾರಿಯಿಂದ ದಾರಿಗೆ ಬೇರೆ. ‘ಮುಗಿಯಿತು’ ಎಂಬ ಒಂದೇ ಪದ ಜೆಸ್ ದಾಖಲೆಯಲ್ಲಿ ನಾಲ್ಕು ಅರ್ಥದಲ್ಲಿ ಕೂರುತ್ತದೆ: ಬೈಟು ತಲುಪಿತು, ದುಭಾಷಿ ಪಡೆದ, ಪ್ರಿಂಟರ್ ಒಪ್ಪಿತು, ತಟ್ಟೆಯಲ್ಲಿ ಬಿತ್ತು. ಯಾವ ಅರ್ಥ ಎಂದು ದಾಖಲೆಯಲ್ಲೇ ಬರೆಯಬೇಕೆಂಬ ಒಪ್ಪಂದ ಈವರೆಗೆ ಎಲ್ಲರೂ ಮಾಡಿಕೊಂಡಿಲ್ಲ.

ಸುರಕ್ಷತೆಯ ಎಳೆಯೂ ಹಾಗೇ ನೇತಾಡುತ್ತಿದೆ. ಹೋಸ್ಟಿನ ಕಡೆ ಗೂಢಲಿಪಿ ಹಾಕುವುದು ಕಷ್ಟವಲ್ಲ. ಹತ್ತು ವರ್ಷ ಹಳೆಯ ಪ್ರಿಂಟರಿಗೆ ಪ್ರಮಾಣಪತ್ರ ಏರಿಸುವುದು, ವರ್ಷಕ್ಕೊಮ್ಮೆ ಅದನ್ನು ಬದಲಿಸುವುದು ಯಾರ ಕೆಲಸ? ಹೋಸ್ಟ್ ತಂಡ ನೆಟ್‌ವರ್ಕ್ ತಂಡದ ಕಡೆ ನೋಡುತ್ತದೆ, ನೆಟ್‌ವರ್ಕ್ ತಂಡ ಪ್ರಿಂಟರ್ ಬಾಡಿಗೆ ಕೊಟ್ಟವರ ಕಡೆ. ಡ್ರೈವರೇ ಬೇಡದ ಮುದ್ರಣ ಎಂದು ಐಪಿಪಿ ಕಡೆಯವರು ಹೇಳುತ್ತಿರುವ ಹೊಸ ದಾರಿಯಲ್ಲಿ ಮೊದಲ ಕಾಲಮಿನ ‘1’ಕ್ಕೆ ಎಲ್ಲಿಯೂ ಜಾಗವಿಲ್ಲ, ಅದನ್ನು ಯಾರಾದರೂ ಪಿಡಿಎಫ್ ಮಾಡಿ ಕೊಡಲೇಬೇಕು. ಕಾಗದವೇ ಬೇಡ, ಎಲ್ಲವನ್ನೂ ಪಿಡಿಎಫ್ ಮಾಡಿ ಕಪಾಟಿಗೆ ಸೇರಿಸಿ ಎನ್ನುವವರಿಗೆ ಗೋದಾಮಿನ ನೆಲದಲ್ಲಿ ಇನ್ನೂ ಬೆಂಬಲ ಸಿಕ್ಕಿಲ್ಲ: ಪೆಟ್ಟಿಗೆಯ ಮೇಲೆ ಅಂಟಿಸಲು, ಲಾರಿ ಚಾಲಕನ ಕೈಗೆ ಕೊಡಲು ಹಾಳೆಯೇ ಬೇಕು.

ಆ ಗೋದಾಮಿಗೆ ಕೊನೆಗೆ ಐಪಿಡಿಎಸ್ ಕೊಡಿಸಲು ಹಣ ಮಂಜೂರಾಗಲಿಲ್ಲ. ಕಣಜದಲ್ಲಿ ಕಡತಗಳನ್ನು 24 ಗಂಟೆ ಉಳಿಸಿಕೊಳ್ಳುವಂತೆ ಮಾಡಿ, ಪ್ರತಿ ವರದಿಯ ಕೊನೆಗೆ ಒಟ್ಟು ಪುಟಗಳ ಸಂಖ್ಯೆ ಅಚ್ಚಾಗುವಂತೆ ಒಂದು ಸಾಲು ಸೇರಿಸಿದೆವು. ಹಾಳೆ ಎಣಿಸಿ ನೋಡುವುದು ಅಲ್ಲಿನ ಮೇಲ್ವಿಚಾರಕನ ಕೆಲಸವಾಯಿತು.